ಟರ್ಬೊ ಕಾರಿನ ಮುಂದಿನ ಸೀಟು

ಬಸ್ಸು ನನಗಾಗಿ ನಿಂತಿತು. ನಮ್ಮ ಕಡೆಯವರು ಈ ವಾಕ್ಯವನ್ನು ಇನ್ನೊಮ್ಮೆ ಓದಿಕೊಳ್ಳಬೇಕು. ಬಾಗಲಕೋಟೆಯ ಸುತ್ತಮುತ್ತಲ ರಸ್ತೆಗಳಲ್ಲಿ ಎಂಟು ವರ್ಷ ಗಾಡಿ ಓಡಿಸಿದವಳು ನಾನು. ಎದುರಿನಿಂದ ಬರುವ ಬಸ್ಸು ನನ್ನ ಸಣ್ಣ ಕಾರಿಗೆ ನಿಂತದ್ದನ್ನು ಒಂದು ದಿನವೂ ಕಂಡಿರಲಿಲ್ಲ. ಅಲ್ಲಿಯ ಲೆಕ್ಕ ಸರಳ. ದೊಡ್ಡದು ಬಂತೆಂದರೆ ಸಣ್ಣದು ಡಾಂಬರು ಬಿಟ್ಟು ಮಣ್ಣಿಗೆ ಇಳಿಯಬೇಕು. ಮದುವೆಯಾಗಿ ಬಣಕಲ್ಲಿಗೆ ಬಂದ ಎರಡನೆಯ ತಿಂಗಳು, ಬಾಳೂರಿಗೆ ಹೋಗುವ ಏರಿನಲ್ಲಿ, ಮೇಲಿನಿಂದ ಇಳಿದು ಬರುತ್ತಿದ್ದ ಬಸ್ಸು ನನ್ನನ್ನು ನೋಡಿ ತಿರುವಿನ ಮೇಲೆಯೇ ನಿಂತುಬಿಟ್ಟಿತು.

ನಾನು ಅಡ್ಡ ಬಂದೆ, ಡ್ರೈವರಿಗೆ ಸಿಟ್ಟು ಬಂದಿದೆ ಎಂದುಕೊಂಡೆ. ಮರ್ಯಾದೆಯಾಗಿ ಹಿಂದೆ ಸರಿಯೋಣ ಎಂದು ರಿವರ್ಸ್ ಹಾಕಿದೆ. ಅವನು ಕಿಟಕಿಯಿಂದ ಕೈ ಚಾಚಿ ಬಾ, ಬಾ ಎನ್ನುತ್ತಿದ್ದಾನೆ, ನಾನು ಹಿಂದೆ ಹಿಂದೆ ಹೋಗುತ್ತಿದ್ದೇನೆ. ಇಳಿಜಾರಿನಲ್ಲಿ ಹಿಂದಕ್ಕೆ ಹೋಗುವ ಅಭ್ಯಾಸ ಯಾರಿಗಿದೆ? ಎಡಗಡೆಯ ಹಿಂದಿನ ಚಕ್ರ ಚರಂಡಿಗೆ ಇಳಿಯಿತು. ಪಕ್ಕದ ಸೀಟಿನಲ್ಲಿದ್ದ ಅತ್ತೆ ಬಾಗಿಲ ಮೇಲಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಒಂದು ಮಾತೂ ಆಡದೆ ಕೂತಿದ್ದರು. ಅವರು ಬೈದಿದ್ದರೆ ಚೆನ್ನಾಗಿತ್ತು.

ಬಸ್ಸಿನ ಜನ ಇಳಿದು ಬಂದು ಕಾರನ್ನು ಎತ್ತಿ ರಸ್ತೆಗೆ ಇಟ್ಟರು. ಡ್ರೈವರಿಗೆ ಸಿಟ್ಟು ಬಂದಿರಲೇ ಇಲ್ಲ. "ಅಮ್ಮಾ, ನಾನು ನಿಂತಿದ್ದೇ ನಿಮಗೋಸ್ಕರ. ಹತ್ತೋರು ನೀವು, ಇಳಿಯೋನು ನಾನು. ನೀವ್ಯಾಕೆ ಹಿಂದೆ ಹೋದ್ರಿ?" ಎಂದು ನಿಜವಾಗಿಯೂ ಅರ್ಥವಾಗದವನಂತೆ ಕೇಳಿದ. ಈ ಗುಡ್ಡಗಳಲ್ಲಿ ಹತ್ತುವ ಗಾಡಿಗೆ ಇಳಿಯುವ ಗಾಡಿ ದಾರಿ ಬಿಡಬೇಕು. ಏರಿನಲ್ಲಿ ನಿಂತ ಗಾಡಿಯನ್ನು ಮತ್ತೆ ಎಬ್ಬಿಸುವುದು ಕಷ್ಟ. ಇಳಿಯುವವನಿಗೆ ನಿಂತರೂ ನಷ್ಟವಿಲ್ಲ. ಬಸ್ಸಾಗಲಿ, ಜೀಪಾಗಲಿ, ಮರ ಹೊತ್ತ ಲಾರಿಯಾಗಲಿ, ಎಲ್ಲರಿಗೂ ಇದೇ ಕಾನೂನು. ಹತ್ತಿ ಹೋದವರು ಕೈ ಎತ್ತಿ ತೋರಿಸಿದರೆ ಸಾಕು. ಹುಟ್ಟಿದ ಮಗುವಿಗೂ ಗೊತ್ತಿರುವ ಈ ಸಂಗತಿಯನ್ನು ನನಗೆ ಯಾರೂ ಹೇಳಿರಲಿಲ್ಲ, ಯಾಕೆಂದರೆ ಹೇಳಬೇಕಾಗುತ್ತದೆ ಎಂದು ಯಾರಿಗೂ ಹೊಳೆದಿರಲಿಲ್ಲ.

ಅಷ್ಟರಲ್ಲಿ ಯಾರೋ ಫೋನ್ ಮಾಡಿದ್ದರು. ಮೇಲಿನ ತೋಟದಿಂದ ನಮ್ಮ ಪ್ರಮೀಳಕ್ಕ ತನ್ನ ಕಾರು ತಂದಳು. ಚರಂಡಿಗೆ ಇಳಿದು ನಿಂತಾಗ ಕೊಳಚೆ ಹತ್ತಿದ ಸೆರಗು ಹಿಡಿದುಕೊಂಡು ಅತ್ತೆ ನನ್ನ ಗಾಡಿ ಬಿಟ್ಟು ಅವಳ ಗಾಡಿಯ ಮುಂದಿನ ಸೀಟಿನಲ್ಲಿ ಹೋಗಿ ಕೂತರು. ಆಮೇಲೆ ಎರಡು ವರ್ಷ ಅವರು ನಾನು ಓಡಿಸುವ ಗಾಡಿ ಹತ್ತಲಿಲ್ಲ. ನಾನು ಬರೆಯಲು ಹೊರಟಿರುವುದು ಆ ಎರಡು ವರ್ಷದ ನನ್ನ ಹೊಟ್ಟೆಕಿಚ್ಚಿನ ಕಥೆ.

ಪ್ರಮೀಳಕ್ಕ ಅಂದರೆ ನನ್ನ ಭಾವನ ಹೆಂಡತಿ. ನಮ್ಮ ಕಡೆ ನೆಗೆಣ್ಣಿ ಎನ್ನುತ್ತೇವಲ್ಲ, ಇಲ್ಲಿ ಓರಗಿತ್ತಿ ಎನ್ನುತ್ತಾರೆ. ಅವಳ ತವರು ಕಳಸ. ಭಾವ ಮತ್ತು ಅವಳು ಬಾಳೂರಿನ ಹತ್ತಿರ ಮನೆತನದ ಕಾಫಿ ತೋಟ ನೋಡಿಕೊಂಡು ಅಲ್ಲೇ ಇದ್ದಾರೆ. ನಾನು, ನಮ್ಮನೆಯವರು, ಅತ್ತೆ ಬಣಕಲ್ಲಿನಲ್ಲಿ. ಕೆಳಗೆ ಪೈಪು, ಪಂಪು, ಸ್ಪ್ರಿಂಕ್ಲರಿನ ಅಂಗಡಿ, ಮೇಲೆ ಮನೆ. ಮಾಗಿ ಕಳೆದು ಕಾಫಿಗೆ ಹೂ ಅರಳಿಸುವ ಹೂಮಳೆ ಬರಬೇಕಾದ ಹೊತ್ತಿಗೆ ಬರದಿದ್ದರೆ ತೋಟದವರು ಸ್ಪ್ರಿಂಕ್ಲರ್ ಹಾಕಿ ತಾವೇ ಮಳೆ ಸುರಿಸುತ್ತಾರೆ. ಕಬ್ಬಿಗೆ ನೀರು ಹಾಯಿಸುವ ಊರಿಂದ ಬಂದವಳು, ಕೃಷಿ ಡಿಪ್ಲೊಮಾ ಮಾಡಿದವಳು ಎಂದು ತೋಟಗಳಿಗೆ ಹೋಗಿ ಪೈಪಿನ ಲೈನ್ ಅಳೆದು ಬರುವ ಕೆಲಸ ನನಗೆ ಬಂತು. ಹಾಗಾಗಿ ಗಾಡಿ ನನಗೆ ಶೋಕಿಯಲ್ಲ. ಗೋಣಿಬೀಡಿನಿಂದ ಕಳಸದವರೆಗೆ ದಿನಾ ಓಡಬೇಕು.

ಈ ಊರು ಹೇಗಿದೆ ಎಂದು ನೀವು ಫೋನಿನಲ್ಲಿ ಕೇಳುತ್ತಲೇ ಇರುತ್ತೀರಿ. ಚೆಂದ ಐತಿ ಎಂದು ಹೇಳಿ ಸುಮ್ಮನಾಗುತ್ತೇನೆ. ಮೊದಲ ವರ್ಷ ಚೆಂದ ಕಾಣಲಿಲ್ಲ. ನಮ್ಮ ಮನೆಯ ಮಾಳಿಗೆ ಹತ್ತಿದರೆ ಬರುವವರು ಯಾರು ಎಂದು ಎರಡು ಮೈಲಿಯಿಂದಲೇ ಗೊತ್ತಾಗುತ್ತಿತ್ತು. ಇಲ್ಲಿ ತಿರುವು ದಾಟಿ ಮೈಮೇಲೆ ಬರುವ ತನಕ ಏನೂ ಕಾಣದು. ಅವ್ವ ಕಳಿಸಿದ ಜೋಳದ ಹಿಟ್ಟು ತಿಂಗಳಿಗೇ ಮುಗ್ಗಲು ಹಿಡಿಯಿತು. ಮೂರು ದಿನ ನೀರಲ್ಲಿ ನೆನೆಹಾಕಿದ ಕಳಲೆಯ ವಾಸನೆಗೆ ಏನೋ ಸತ್ತಿದೆ ಎಂದು ಅಡುಗೆಮನೆಯೆಲ್ಲ ಹುಡುಕಿದೆ. ಕಳಲೆ ಅಂದರೆ ಎಳೆ ಬಿದಿರು. ಈಗ ನಾನೇ ಅದಕ್ಕೆ ಇನ್ನೊಂದು ಸೌಟು ಬಡಿಸಿಕೊಳ್ಳುತ್ತೇನೆ, ಆ ಮಾತು ಬೇರೆ.

ಮಾತಿನ ಕಷ್ಟ ಇದಕ್ಕಿಂತ ದೊಡ್ಡದು. ಇವರೂ ಕನ್ನಡಿಗರೇ, ನಾನೂ ಕನ್ನಡದವಳೇ. ಆದರೆ ಇಲ್ಲಿಯವರು ಜಗಳವನ್ನೂ ಮೆಲ್ಲಗೆ ಆಡುತ್ತಾರೆ. ನಾನು ಉಪ್ಪು ಕೇಳಿದರೆ ಅಂಗಡಿಯವನು ಹೆದರಿ ಎರಡು ಪೊಟ್ಟಣ ಕೊಟ್ಟ. ತೋಟಕ್ಕೆ ಹೋದರೆ ಅಲ್ಲಿಯ ರೈಟರ್, ಅಂದರೆ ತೋಟದ ಲೆಕ್ಕಪತ್ರ ಬರೆಯುವ ಗುಮಾಸ್ತರು, "ಇನ್ನೊಂದ್ಸಲ ಹೇಳಿ ಮೇಡಂ, ಕೇಳಕ್ಕೆ ಚೆನ್ನಾಗಿದೆ" ಎಂದು ನಗುತ್ತಿದ್ದರು. ನಗುವಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೂ ಮಧ್ಯಾಹ್ನ ಅಂಗಡಿಯ ಹಿಂದೆ ಪೈಪುಗಳ ನಡುವೆ ಕೂತು ನಾನು ಎಷ್ಟೋ ಸಲ ತಮ್ಮ ಬಸುಗೆ ಫೋನ್ ಮಾಡಿ ಏನಾದರೂ ಬೈಯಪ್ಪ ಎಂದು ಕೇಳಿದ್ದಿದೆ. ಅವನು ಬೈಯುತ್ತಿದ್ದ, ನನಗೆ ಸಮಾಧಾನವಾಗುತ್ತಿತ್ತು.

ಇದೆಲ್ಲ ಸಹಿಸಬಹುದಿತ್ತು. ಸಹಿಸಲಾಗದ್ದು ಪ್ರಮೀಳಕ್ಕನ ಡ್ರೈವಿಂಗು.

ಅವಳದು ಹತ್ತು ವರ್ಷ ಹಳೆಯ ಸಾದಾ ಇಂಜಿನ್ನಿನ ಕಾರು. ಬಣ್ಣ ಮಾಸಿದೆ, ಬಂಪರಿಗೆ ತಂತಿ ಕಟ್ಟಿದೆ. ಅದರಲ್ಲಿ ಅವಳು ಜೀಪು ಮಾತ್ರ ಹೋಗುವಂಥ ತೋಟದ ದಾರಿಗಳನ್ನು ಹತ್ತುತ್ತಾಳೆ, ಹತ್ತುತ್ತ ಹತ್ತುತ್ತ ಮಾತಾಡುತ್ತಾಳೆ. ಪ್ರತಿ ಸೋಮವಾರ ಬಂದು ಅತ್ತೆಯನ್ನು ತೋಟಕ್ಕೆ ಕರೆದುಕೊಂಡು ಹೋಗುತ್ತಾಳೆ. ಅತ್ತೆ ಮುಂದಿನ ಸೀಟಿನಲ್ಲಿ ಕಾಲು ಮಡಿಚಿ ಆರಾಮವಾಗಿ ಕೂತು ಕಿತ್ತಳೆ ಸುಲಿಯುತ್ತಾರೆ. ಒಂದು ತೊಳೆ ತಮ್ಮ ಬಾಯಿಗೆ, ಒಂದು ತೊಳೆ ಸ್ಟೀರಿಂಗ್ ಹಿಡಿದವಳ ಬಾಯಿಗೆ. ನಾನು ಮೇಲಿನ ಕಿಟಕಿಯಲ್ಲಿ ನಿಂತು ಇದನ್ನು ನೋಡುತ್ತಿದ್ದೆ. ನನ್ನ ಹೊಟ್ಟೆಯಲ್ಲಿ ಖಾರ ಅರೆದಂತಾಗುತ್ತಿತ್ತು. ಇಪ್ಪತ್ತೊಂಬತ್ತು ವರ್ಷದ ಹೆಂಗಸು ಒಂದು ಕಿತ್ತಳೆ ತೊಳೆಗೆ ಉರಿದುಕೊಳ್ಳುವುದೇ ಎಂದು ನೀವು ನಗಬಹುದು. ನಗಿ. ಹೊಸ ಊರಲ್ಲಿ ನಿಮ್ಮ ಬಾಯಿಗೆ ಒಂದು ತೊಳೆ ಇಡುವವರು ಯಾರೂ ಇಲ್ಲದಾಗ ಗೊತ್ತಾಗುತ್ತದೆ.

ನನಗೆ ಬೇಕಾದದ್ದು ಅಷ್ಟೇ. ಅತ್ತೆ ನನ್ನ ಗಾಡಿಯ ಮುಂದಿನ ಸೀಟಿನಲ್ಲಿ ಕೂರಬೇಕು. ಬಾಗಿಲ ಹಿಡಿಯನ್ನು ಹಿಡಿಯಬಾರದು. ಇದನ್ನು ನಾನು ಯಾರಿಗೂ ಹೇಳಲಿಲ್ಲ. ಅವರನ್ನು ಬನ್ನಿ ಎಂದು ಕರೆಯಲೂ ಇಲ್ಲ. ಬೇಕಿದ್ದರೆ ಅವರೇ ಕೇಳಲಿ ಎಂಬ ಹಟ ನನ್ನದು.

ಅಂಗಡಿಯ ಹಳೆಯ ಕಾರು ಕೈಕೊಟ್ಟ ಮೇಲೆ ನನಗೇ ಒಂದು ಹೊಸ ಕಾರು ತೆಗೆದುಕೊಳ್ಳೋಣ ಎಂದು ಮನೆಯಲ್ಲಿ ಮಾತಾಯಿತು. ಯಾವ ಕಾರು ಎಂಬುದು ಒಂದೇ ದಿನದಲ್ಲಿ ತೀರ್ಮಾನವಾಯಿತು. ಆದರೆ ಅದೇ ಕಾರು ಎರಡು ಇಂಜಿನ್ನಿನಲ್ಲಿ ಬರುತ್ತಿತ್ತು. ಒಂದು ಸಾದಾ, ಇನ್ನೊಂದು ಟರ್ಬೊ. ತಿಂಗಳುಗಟ್ಟಲೆ ತಲೆ ತಿಂದದ್ದು ಇದು.

ಚಿಕ್ಕಮಗಳೂರಿನ ಶೋರೂಮಿನಲ್ಲಿ ನಡುವಯಸ್ಸಿನ ಒಬ್ಬರು ಬಹಳ ತಾಳ್ಮೆಯಿಂದ ವಿವರಿಸಿದರು. ಸಾದಾ ಇಂಜಿನ್ ತನಗೆ ಬೇಕಾದ ಗಾಳಿಯನ್ನು ತಾನೇ ಎಳೆದುಕೊಳ್ಳುತ್ತದೆ. ಟರ್ಬೊದಲ್ಲಿ ಇಂಜಿನ್ ಚಿಕ್ಕದು, ಆದರೆ ಹೊರಹೋಗುವ ಹೊಗೆಯೇ ಒಂದು ಸಣ್ಣ ಚಕ್ರ ತಿರುಗಿಸಿ ಹೆಚ್ಚು ಗಾಳಿಯನ್ನು ಒಳಗೆ ತುರುಕುತ್ತದೆ. ಗಾಳಿ ಹೆಚ್ಚಾದರೆ ಪೆಟ್ರೋಲು ಹೆಚ್ಚು ಉರಿಯುತ್ತದೆ, ಬಲ ಹೆಚ್ಚಾಗುತ್ತದೆ. "ನೋಡಿ ಮೇಡಂ, ಸಾದಾದಲ್ಲಿ ಮೈಲೇಜ್ ಚೆನ್ನಾಗಿ ಬರುತ್ತೆ, ರಿಪೇರಿ ಕಮ್ಮಿ. ಆದ್ರೆ ನಮ್ಮ ಗುಡ್ಡಕ್ಕೆ ಟರ್ಬೊನೇ ಸೈ. ಒಂದ್ಸಲ ಓಡಿಸಿ ನೋಡಿ, ಆಮೇಲೆ ಹೇಳಿ" ಎಂದರು. ಪಂಪಿನ ಅಂಗಡಿಯವಳಿಗೆ ಹಾರ್ಸ್‌ಪವರಿನ ಮಾತು ಯಾರೂ ಕಲಿಸಬೇಕಿಲ್ಲ. ನೀರನ್ನು ಮೇಲೆತ್ತಲು ದೊಡ್ಡ ಪಂಪು ಬೇಕು, ನನ್ನನ್ನು ಮೇಲೆತ್ತಲು ದೊಡ್ಡ ಬಲ ಬೇಕು ಎಂದು ಲೆಕ್ಕ ಹಾಕಿದೆ.

ಓಡಿಸಿ ನೋಡಲು ಎಲ್ಲಿಗೆ ಹೋಗೋಣ ಎಂದು ಅವರು ಕೇಳಿದಾಗ ನಾನು ಕಡೂರು ರಸ್ತೆ ಎಂದೆ. ಆ ರಸ್ತೆ ಬಯಲಿಗೆ ಇಳಿಯುತ್ತದೆ, ಅಗಲವಾಗಿದೆ, ನೆಟ್ಟಗಿದೆ. ಗುಡ್ಡಕ್ಕೆಂದು ಕೊಳ್ಳುವ ಗಾಡಿಯನ್ನು ನಾನು ಬಯಲಿನಲ್ಲಿ ಓಡಿಸಿ ನೋಡಿದೆ. ಯಾಕೆಂದರೆ ನನ್ನ ಕೈಗೆ ಧೈರ್ಯ ಬರುವುದು ಅಂಥ ರಸ್ತೆಯಲ್ಲೇ. ನಾಲ್ಕನೇ ಗೇರಿನಲ್ಲಿ ಒತ್ತಿದ್ದೇ ತಡ, ಬೆನ್ನು ಸೀಟಿಗೆ ಅಂಟಿತು, ಎಲ್ಲೋ ಒಳಗೆ ಸಣ್ಣಗೆ ಸಿಳ್ಳೆ ಹೊಡೆದ ಸದ್ದು, ಮರಗಳು ಹಿಂದಕ್ಕೆ ಓಡಿದವು. ಎರಡು ವರ್ಷದಲ್ಲಿ ಮೊದಲ ಸಲ ನಾನು ಗಾಡಿ ಓಡಿಸುತ್ತ ನಕ್ಕೆ.

ಮನೆಗೆ ಬಂದು ಹೇಳಿದಾಗ ನಮ್ಮನೆಯವರು "ನಿನ್ನಿಷ್ಟ" ಎಂದರು. ಸೋಮವಾರ ಬಂದ ಪ್ರಮೀಳಕ್ಕ ಕಾಫಿ ಲೋಟ ಕೆಳಗಿಟ್ಟು ಹೇಳಿದಳು:

"ನಿಂಗೆ ಸಾದಾ ಸಾಕು ಮಾರಾಯ್ತಿ. ಟರ್ಬೊ ಕೆಳಗಿನ ಸ್ಪೀಡಲ್ಲಿ ಉಸಿರು ಹಿಡ್ಕೊಂಡು ಕೂತಿರುತ್ತೆ, ಆಮೇಲೆ ಒಂದೇ ಸಲಕ್ಕೆ ನುಗ್ಗುತ್ತೆ. ತಿರುವಲ್ಲಿ ನಿಂಗೆ ಬೇಕಾದಾಗ ಅದು ಇರಲ್ಲ."

ಅವಳು ಇಂಜಿನ್ ಬಗ್ಗೆ ಹೇಳಿದ್ದೆಲ್ಲ ನನ್ನ ಕಿವಿಯ ಹೊರಗೇ ಉಳಿಯಿತು. ಒಳಗೆ ಬಂದದ್ದು 'ನಿಂಗೆ ಸಾಕು' ಎಂಬುದೊಂದೇ. ನನಗೆ ಸಾಕಂತೆ. ಚರಂಡಿಗೆ ಬಿದ್ದವಳಿಗೆ ಇಷ್ಟು ಸಾಕಂತೆ. ಹಲ್ಲು ಕಚ್ಚಿಕೊಂಡು ನಕ್ಕು, ಮಾರನೆಯ ದಿನ ಬೆಳಗ್ಗೆ ಚಿಕ್ಕಮಗಳೂರಿಗೆ ಹೋಗಿ ಟರ್ಬೊಗೆ ಮುಂಗಡ ಕೊಟ್ಟು ಬಂದೆ. ಸಿಟ್ಟಿನಲ್ಲಿ ಸೀರೆ ಕೊಂಡವರನ್ನು ಕಂಡಿದ್ದೇನೆ. ಸಿಟ್ಟಿನಲ್ಲಿ ಇಂಜಿನ್ ಕೊಂಡವಳು ಬಹುಶಃ ನಾನೊಬ್ಬಳೇ.

ಗಾಡಿ ಬಂತು, ಪೂಜೆಯಾಯಿತು, ನಿಂಬೆಹಣ್ಣು ಚಕ್ರದಡಿ ಒಡೆಯಿತು. ಮೊದಲ ವಾರವೇ ಬಾಳೂರಿನ ಏರಿಗೆ ಒಯ್ದೆ. ನೇರದಲ್ಲಿ ರಾಣಿ ನಾನು. ತಿರುವಿಗೆ ಬಂದು ವೇಗ ಇಳಿಸಿ, ಎರಡನೇ ಗೇರಿನಲ್ಲಿ ಸ್ಟೀರಿಂಗ್ ತಿರುಗಿಸಿ ಒತ್ತಿದರೆ ಏನೂ ಇಲ್ಲ. ಗಾಡಿ ಗೊರ ಗೊರ ಎನ್ನುತ್ತ ಸಾಯುವವರಂತೆ ತೆವಳುತ್ತದೆ. ಇನ್ನೂ ಒತ್ತಿದರೆ ನಡುಗಿ ಆಫ್ ಆಗುತ್ತದೆ. ಇಲ್ಲವೇ ತಿರುವು ಮುಗಿಯುವ ಹೊತ್ತಿಗೆ ಒಮ್ಮೆಗೇ ಎಚ್ಚರಗೊಂಡು ಎದುರಿನ ದರೆಯ ಮಣ್ಣುಗೋಡೆಗೆ ಹಾರಲು ಹೋಗುತ್ತದೆ. ಅವಳು ಹೇಳಿದ್ದು ಅಕ್ಷರ ಅಕ್ಷರವೂ ನಿಜವಾಗಿತ್ತು. ಅದಕ್ಕೆ ಇನ್ನಷ್ಟು ಸಿಟ್ಟು ಬಂತು. ಮನೆಯಲ್ಲಿ ಕೇಳಿದವರಿಗೆಲ್ಲ "ಬೆಣ್ಣೆ ಇದ್ದ ಹಾಗೆ ಹೋಗುತ್ತೆ" ಎಂದೆ.

ದೀಪಾವಳಿಗೆ ತೋಟದ ಮನೆಯಲ್ಲಿ ಎಲ್ಲರೂ ಸೇರಿದ್ದೆವು. ಊಟವಾದ ಮೇಲೆ ಪ್ರಮೀಳಕ್ಕ ಅಂಗಳದಲ್ಲಿ ನಿಂತಿದ್ದ ನನ್ನ ಗಾಡಿಯ ಸುತ್ತ ಒಂದು ಸುತ್ತು ಬಂದಳು. ಬಾನೆಟ್ಟಿನ ಮೇಲೆ ಕೈಯಿಟ್ಟಳು.

"ಒಂದು ರೌಂಡ್ ಓಡಿಸ್ಲಾ?"

ಬೇಡ ಎನ್ನಲು ಬಾಯಿ ಬರಲಿಲ್ಲ. ಕೀ ಕೊಟ್ಟೆ. ಅವಳು ಸೀಟು ಸರಿಮಾಡಿಕೊಂಡು, ಜಗಲಿಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ಅತ್ತೆಯನ್ನು "ಬನ್ನಿ ಅತ್ತೆ" ಎಂದು ಕರೆದಳು. ಅತ್ತೆ ಎದ್ದು ಬಂದರು. ಬಂದು ನನ್ನ ಗಾಡಿಯ ಮುಂದಿನ ಸೀಟಿನಲ್ಲಿ ಕೂತರು. ನಾನು ಕನಸು ಕಂಡ ಸೀಟು, ನಾನು ಕನಸು ಕಂಡ ಹೆಂಗಸು, ಪಕ್ಕದಲ್ಲಿ ಮಾತ್ರ ನಾನಲ್ಲ. ನಾನು ಹಿಂದಿನ ಬಾಗಿಲು ತೆಗೆದು, ಸಾಮಾನು ಕಾಯಲು ಬಂದವಳಂತೆ ಹಿಂದೆ ಕೂತೆ.

ತಿರುವು ಬಂತು. ತಿರುವಿಗೆ ಇನ್ನೂ ಹತ್ತು ಮಾರು ಇರುವಾಗಲೇ ಅವಳು ಒಂದನೇ ಗೇರಿಗೆ ಇಳಿಸಿದಳು. ಕಾಲನ್ನು ಸ್ವಲ್ಪ ಮುಂಚೆಯೇ ಒತ್ತಿ ಹಿಡಿದು, ಸದ್ದು ಏರುವ ತನಕ ಕಾದಳು. ಆ ಸಿಳ್ಳೆ ಬಂತು. ಆಗ ತಿರುಗಿಸಿದಳು. ಗಾಡಿ ಏನೂ ಆಗದವರ ಹಾಗೆ ಮೇಲೆ ಹೋಯಿತು. ನನ್ನನ್ನು ನಾಲ್ಕು ವಾರ ಸತಾಯಿಸಿದ ಗಾಡಿ ಅವಳಿಗೆ ಮೊದಲ ತಿರುವಿನಲ್ಲೇ ಒಲಿದುಬಿಟ್ಟಿತು. ಅತ್ತೆ ಬಾಗಿಲ ಹಿಡಿಯನ್ನು ಮುಟ್ಟಲಿಲ್ಲ. ಹಿಂದೆ ಕೂತವಳು ಕಿಟಕಿಯ ಆಚೆ ತಿರುಗಿ ಕಾಫಿ ಗಿಡ ಎಣಿಸತೊಡಗಿದೆ.

ಗುಡ್ಡದ ನೆತ್ತಿಯಲ್ಲಿ ಅವಳು ಗಾಡಿ ನಿಲ್ಲಿಸಿದಳು. ಇಂಜಿನ್ ಆಫ್ ಮಾಡಿದರೂ ಸ್ಟೀರಿಂಗ್ ಬಿಡಲಿಲ್ಲ.

"ನನ್ನ ಕಾರು ತಗೊಳ್ಳೋವಾಗ ಯಾವ ಇಂಜಿನ್ ಬೇಕು ಅಂತ ನನ್ನ ಯಾರೂ ಕೇಳ್ಲಿಲ್ಲ" ಎಂದಳು. "ಮನೆ ಬಾಗಿಲಿಗೆ ಬಂದ್ಮೇಲೇ ನೋಡಿದ್ದು, ಏನು ಬಣ್ಣ ಅಂತ."

ಅತ್ತೆ "ಹ್ಞೂಂ" ಎಂದರು. ಒಳ್ಳೆಯವಳಾಗಿದ್ದರೆ ನನಗೆ ಆಗ ಕನಿಕರ ಬರಬೇಕಿತ್ತು. ಬಂದದ್ದು ಸಂತೋಷ, ಸುಳ್ಳು ಯಾಕೆ ಹೇಳಲಿ. ನನ್ನ ಬಳಿ ಇರುವ ಏನೋ ಒಂದು ಅವಳ ಬಳಿ ಇಲ್ಲ ಎಂಬುದು ಮೊದಲ ಸಲ ಗೊತ್ತಾಗಿತ್ತು.

ಆ ಸಂತೋಷಕ್ಕೂ ದೇವರು ಹೆಚ್ಚು ದಿನ ಕೊಡಲಿಲ್ಲ. ಕೊಯ್ಲಿನ ಹೊತ್ತಿಗೆ, ಕಾಫಿ ಒಣಗಿಸುವ ಕಣದಲ್ಲಿ ಟಾರ್ಪಲ್ ಎಳೆಯುವಾಗ ಪ್ರಮೀಳಕ್ಕ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಳು. ಕೊಯ್ಲು ಬಿಟ್ಟು ಭಾವ ಅಲ್ಲಾಡುವಂತಿಲ್ಲ. ಮೂಡಿಗೆರೆಯ ಆಸ್ಪತ್ರೆಗೆ ವಾರವಾರ ಅವಳನ್ನು ಕರೆದುಕೊಂಡು ಹೋಗುವ ಕೆಲಸ ನನಗೆ ಬಿತ್ತು. ಪಟ್ಟಿ ಹಾಕಿದ ಕೈಯನ್ನು ಎದೆಗೆ ಒತ್ತಿಕೊಂಡು ಅವಳು ನನ್ನ ಪಕ್ಕ ಕೂತಳು. ಮೊದಲ ತಿರುವಿನಲ್ಲಿ ಗಾಡಿ ಆಫ್ ಆಯಿತು. 'ಬೆಣ್ಣೆ' ಎಂದವಳ ಬಣ್ಣ ಬಯಲಾಯಿತು.

ನಗುತ್ತಾಳೆ ಎಂದು ಕಾದೆ. ನಗಲಿಲ್ಲ. "ತಿರುವಿಗೆ ಬಂದು ಗೇರು ಹುಡುಕ್ಬೇಡ. ಬರೋ ಮುಂಚೆನೇ ಹಾಕು. ಹಾಕಿ ಒಂಚೂರು ಕಾಯಿ. ಸಿಳ್ಳೆ ಬರುತ್ತಲ್ಲ, ಅದು ಬಂದ್ಮೇಲೆ ತಿರುಗ್ಸು" ಎಂದಳು.

"ಕಾಯೋದು ಹೆಂಗ? ಹಿಂದೆ ಜಾರಿದ್ರ?"

"ಜಾರಲ್ಲ ಮಾರಾಯ್ತಿ. ನೀನು ಬಯಲು ಸೀಮೆಯವ್ಳು, ಮುಂದೆ ಏನಿದೆ ಅಂತ ಕಣ್ಣಲ್ಲಿ ನೋಡಿ ಓಡಿಸ್ತೀಯ. ಇಲ್ಲಿ ಕಾಣಲ್ಲ. ಕಿವಿ ಕೊಡ್ಬೇಕು."

ವಾರಕ್ಕೊಮ್ಮೆ ಅವಳ ಜೊತೆ, ಉಳಿದ ದಿನ ಒಬ್ಬಳೇ. ಹತ್ತು ಸಲ ಆಫ್ ಆದದ್ದು ಐದಾಯಿತು, ಎರಡಾಯಿತು. ಒಂದು ದಿನ ಗೋಣಿಬೀಡಿನ ಹತ್ತಿರದ ತೋಟದ ಕಡಿದಾದ ದಾರಿಯಲ್ಲಿ ಇಳಿಯುತ್ತಿದ್ದ ಜೀಪು ನನಗೆ ನಿಂತಿತು. ನಾನು ನಿಲ್ಲದೆ ಹತ್ತಿ ಹೋಗಿ ಕೈ ಎತ್ತಿದೆ. ಜೀಪಿನವನು ತಿರುಗಿಯೂ ನೋಡಲಿಲ್ಲ. ಇಲ್ಲಿಯವಳು ಎಂದುಕೊಂಡಿರಬೇಕು. ತೋಟ ಮುಟ್ಟುವ ತನಕ ನಾನು ಒಬ್ಬಳೇ ನಗುತ್ತಿದ್ದೆ.

ಕೊನೆಯ ಸಲ ಪಟ್ಟಿ ಬಿಚ್ಚಿಸಲು ಹೋದಾಗ ಆಸ್ಪತ್ರೆಯ ಬೆಂಚಿನ ಮೇಲೆ ಪ್ರಮೀಳಕ್ಕ ಇದ್ದಕ್ಕಿದ್ದಂತೆ ಹೇಳಿದಳು: "ಅವತ್ತು ನಿಂಗೆ ಸಾದಾ ಸಾಕು ಅಂದಿದ್ನಲ್ಲ, ಅದ್ರಲ್ಲಿ ಅರ್ಧ ನಿಜ. ಇನ್ನರ್ಧ ಹೊಟ್ಟೆಕಿಚ್ಚು."

"ನಿಮಗಾ?"

"ಯಾಕೆ, ನಂಗೆ ಹೊಟ್ಟೆ ಇಲ್ವಾ?"

ಇಬ್ಬರೂ ನಕ್ಕೆವು. ಆಮೇಲೆ ನಾನು ಕಿತ್ತಳೆ ತೊಳೆಯ ವಿಷಯ ಹೇಳಿಬಿಟ್ಟೆ. ಅತ್ತೆ ನನ್ನ ಗಾಡಿ ಹತ್ತುವುದಿಲ್ಲ ಎಂದು ಹೇಳುವಾಗ ನಾಚಿಕೆಯಾಯಿತು. ಅವಳು "ಕರ್ದಿದ್ದೀಯಾ?" ಎಂದಳು. "ಕರೀದೇ ಯಾರ ಗಾಡಿನೂ ಹತ್ತೋರಲ್ಲ ಅವ್ರು. ಈ ಕಡೆ ಯಾರೂ ಹತ್ತಲ್ಲ."

ಮುಂದಿನ ವಾರ ಅತ್ತೆಗೆ ಕಳಸದಲ್ಲಿರುವ ತಂಗಿಯ ಮನೆಗೆ ಹೋಗಬೇಕಿತ್ತು. ಪ್ರಮೀಳಕ್ಕನ ಕೈಗೆ ಇನ್ನೂ ಬಲ ಬಂದಿರಲಿಲ್ಲ. ಅತ್ತೆ ಕೈಚೀಲ ಹಿಡಿದು ಬಸ್ಸಿಗೆ ಹೊರಟಿದ್ದರು. ಮೆಟ್ಟಿಲ ಮೇಲೆ ಅಡ್ಡ ನಿಂತು, ಜಗಳಕ್ಕೆ ನಿಂತವಳಂತೆ, "ನನ್ನ ಗಾಡ್ಯಾಗ ಬರ್ರಿ ಅತ್ತಿ" ಎಂದೆ. ಗಾಬರಿಯಲ್ಲಿ ನನ್ನ ಊರಿನ ಮಾತೇ ಬಂತು.

ಅತ್ತೆ ಕೈಚೀಲವನ್ನು ನನ್ನ ಕೈಗೆ ಕೊಟ್ಟರು. "ಎರಡು ವರ್ಷ ಆಯ್ತು ಗಂಗಾ, ಇವತ್ತು ಕರೀತಾ ಇದ್ದೀಯ."

"ನಿಮಗೆ ಭಯ ಅಂದ್ಕೊಂಡಿದ್ದೆ."

"ಭಯ ಇರ್ಲಿಲ್ಲ ಅಂತ ಅಲ್ಲ. ಕರ್ದಿದ್ರೆ ಬರ್ತಿದ್ದೆ. ದೀಪಾವಳಿಲಿ ನಿನ್ನ ಗಾಡಿ ಅಂತಾನೇ ಹತ್ತಿದ್ದು ನಾನು. ನೀನು ಹಿಂದೆ ಹೋಗಿ ಕೂತೆ."

ನಾನು ಗಾಡಿ ತೆಗೆದೆ. ಎರಡು ವರ್ಷ ಕಿಟಕಿಯಲ್ಲಿ ನಿಂತು ಉರಿದುಕೊಂಡದ್ದಕ್ಕೆ ನಾನೇ ಕಾರಣ ಎಂದು ತಿಳಿದಾಗ ಯಾರ ಮೇಲೆ ಸಿಟ್ಟು ಮಾಡುವುದು? ಬಾಳೂರಿನ ಏರಿನಲ್ಲಿ, ಅದೇ ತಿರುವಿಗೆ ಸ್ವಲ್ಪ ಕೆಳಗೆ, ಮೇಲಿನಿಂದ ಬಸ್ಸು ಬಂತು. ನಿಂತಿತು. ನಾನು ಒಂದನೇ ಗೇರು ಹಾಕಿದೆ. ಕಾದೆ. ಸಿಳ್ಳೆ ಬಂತು. ಹತ್ತಿ ಹೋಗಿ ಕೈ ಎತ್ತಿದೆ. ಅತ್ತೆಯ ಕೈ ಎಲ್ಲಿದೆ ಎಂದು ಓರೆಗಣ್ಣಿನಲ್ಲಿ ನೋಡಿದೆ. ಬಾಗಿಲ ಹಿಡಿಯ ಮೇಲೆ ಇರಲಿಲ್ಲ. ಕೈಚೀಲದಲ್ಲಿ ಕಿತ್ತಳೆ ಹುಡುಕುತ್ತಿದ್ದರು. ರಸ್ತೆ ನೇರವಾದ ಮೇಲೆ ಬಾಯಿ ತೆಗೆ ಎಂದರು. ಹುಳಿಯಾಗಿತ್ತು, ಕಣ್ಣಲ್ಲಿ ನೀರು ಬಂತು. ಹುಳಿಗೇ ಬಂದದ್ದು ಎಂದುಕೊಳ್ಳಿ.

ಸಂಕ್ರಾಂತಿಗೆ ನಾನು ಅದೇ ಗಾಡಿಯಲ್ಲಿ ತವರಿಗೆ ಬಂದಿದ್ದೆ. ನಿಮ್ಮಲ್ಲಿ ಕೆಲವರು ನೋಡಿದ್ದೀರಿ. ಅತ್ತೆಯನ್ನೂ ಕರೆದಿದ್ದೆ, ಬಂದಿದ್ದರು. ದಾರಿಯುದ್ದಕ್ಕೂ ಅವರು ಮುಂದೆ ಕೂತು, "ಇಷ್ಟೊಂದು ಆಕಾಶ ಇಟ್ಕೊಂಡು ಎಂತ ಮಾಡ್ತೀರ ನೀವು?" ಎನ್ನುತ್ತಿದ್ದರು. ಮಾರನೆಯ ದಿನ ಅವ್ವ, ಅತ್ತೆ, ಬಸು, ನಾನು ಹೊಳೆಯ ದಂಡೆಗೆ ಊಟ ಕಟ್ಟಿಕೊಂಡು ಹೊರಟೆವು. ಅವ್ವ ಮೊದಲ ಸಲ ನನ್ನ ಗಾಡಿ ಹತ್ತುವವಳು, ಅದಕ್ಕೆ ಅತ್ತೆ ತಾವೇ ಹಿಂದೆ ಹೋಗಿ ಬಸುವಿನ ಪಕ್ಕ ಕೂತರು. ಕಾಲುವೆಯ ಸೇತುವೆಯಿಂದ ಇಳಿಯುವಾಗ ಎದುರಿಗೆ ಕಬ್ಬು ತುಂಬಿದ ಟ್ರ್ಯಾಕ್ಟರ್ ಹತ್ತಿ ಬರುತ್ತಿತ್ತು. ನಾನು ನಿಂತೆ.

"ಯಾಕಕ್ಕ, ಬಂದ್ ಬಿತ್ತೇನು?" ಎಂದ ಬಸು.

"ಅಂವ ಏರು ಹತ್ತಾಕತ್ಯಾನಲ್ಲೋ."

"ಇಲ್ಲಿ ಎಲ್ಲೈತಿ ಏರು? ಇದಕ್ಕ ಏರು ಅಂತಾರೇನು?" ಅವನು ಹೊಟ್ಟೆ ಹಿಡಿದು ನಕ್ಕ. ಟ್ರ್ಯಾಕ್ಟರಿನವನು ನಾನು ಯಾಕೆ ನಿಂತೆ ಎಂದು ತಿಳಿಯದೆ ತಾನೂ ನಿಂತ. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ನಿಂತುಬಿಟ್ಟೆವು. ಅವ್ವನಿಗೆ ತಡೆಯಲಿಲ್ಲ. "ಭಾಳ ಮೆತ್ತಗಾಗೀ ನೀ. ಕೀಲಿ ಅವಗ ಕೊಡು, ಬಸು ಹೊಡೀಲಿ" ಎಂದಳು.

ಕೊಟ್ಟೆ. ನಾನು ಇಳಿದು ಹಿಂದೆ, ಅತ್ತೆಯ ಪಕ್ಕ ಕೂತೆ. ಬಸು ಐದನೇ ಗೇರಿಗೆ ಹಾಕಿದ. ಕಡೂರು ರಸ್ತೆಯಲ್ಲಿ ಕೇಳಿದ ಅದೇ ಸಿಳ್ಳೆ, ಅದೇ ಓಟ. ಗಾಡಿ ಅವನಿಗೂ ಒಲಿಯಿತು. "ಹಿಂಗ ಹೊಡೀಬೇಕ ನೋಡು" ಎಂದು ಅವ್ವ ಹೆಮ್ಮೆಯಿಂದ ಹೇಳಿದಾಗ ನನ್ನ ಹೊಟ್ಟೆಯಲ್ಲಿ ಮತ್ತೆ ಅದೇ ಖಾರ. ಈ ರಸ್ತೆಯಲ್ಲಿ ನಾನೇ ರಾಣಿಯಾಗಿದ್ದೆ, ಅವ್ವ ಮರೆತುಬಿಟ್ಟಿದ್ದಳು.

ಊಟ ಮುಗಿಸಿ ಬರುವಾಗ ಮತ್ತೆ ಅದೇ ಸೇತುವೆ. ಎರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರೊಂದು ಎದುರಿನಿಂದ ತಿಣುಕುತ್ತ ಹತ್ತುತ್ತಿತ್ತು. ಬಸು ಹಾರ್ನ್ ಹೊಡೆದು ನುಗ್ಗಿದ. ಟ್ರ್ಯಾಕ್ಟರ್ ಏರಿನ ನಡುವೆ ನಿಂತಿತು, ಮುಂದಿನ ಚಕ್ರ ನೆಲ ಬಿಟ್ಟು ಒಂದು ಗೇಣು ಮೇಲೆದ್ದು ಬಿತ್ತು. ನನ್ನ ಬಲಗಾಲು ಹಿಂದಿನ ಸೀಟಿನ ಕೆಳಗೆ ಇಲ್ಲದ ಬ್ರೇಕನ್ನು ಒತ್ತಿ ಹಿಡಿದಿತ್ತು.

ಅತ್ತೆ ತಿರುಗಿ ಟ್ರ್ಯಾಕ್ಟರನ್ನೇ ನೋಡುತ್ತ, "ಹತ್ತೋರಿಗೆ ದಾರಿ ಬಿಡಲ್ವಾ ಇವ್ರು?" ಎಂದರು. "ನಮ್ಮ ಕಡೆಯವ್ರಾದ್ರೆ ನಿಲ್ಸೋರು. ಗಂಗಾ ನಿಲ್ಲಿಸ್ಲಿಲ್ವಾ?"

ಮುಂದಿನ ಸೀಟಿನಲ್ಲಿ ಅವ್ವನ ಬೆನ್ನು ನೆಟ್ಟಗಾಯಿತು. ಅವಳು ಪೂರ್ತಿ ತಿರುಗಿ ಅತ್ತೆಯ ಮುಖ ನೋಡಿದಳು. "ಈಕಿ ನಿಮ್ಮ ಕಡಿಯಾಕಿ ಯಾವಾಗ ಆದಳ್ರಿ ಬೀಗರ?"

ಇಬ್ಬರೂ ನನ್ನ ಉತ್ತರಕ್ಕೆ ಕಾದರು. ನನಗೆ ಅವ್ವನ ಆ ದನಿಯ ಗುರುತು ಚೆನ್ನಾಗಿ ಇತ್ತು. ಎರಡು ವರ್ಷ ಅದು ನನ್ನದೇ ಆಗಿತ್ತು.

"ಬಸು, ಗಾಡಿ ನಿಲ್ಲಸು" ಎಂದೆ. "ಕೀಲಿ ಕೊಡು."

ನಾನು ಸ್ಟೀರಿಂಗಿಗೆ ಬಂದೆ. ಪಕ್ಕದಲ್ಲಿ ಅವ್ವ, ಮುಖ ಊದಿಸಿಕೊಂಡು, ಸೀಟು ಬಿಟ್ಟು ಅಲ್ಲಾಡದೆ. ಹಿಂದೆ, ಕನ್ನಡಿಯಲ್ಲಿ, ಅತ್ತೆ. ಹಿಂದಕ್ಕೆ ತಿರುಗಿಸಿ, ಏರಿನಲ್ಲೇ ನಿಂತಿದ್ದ ಟ್ರ್ಯಾಕ್ಟರನ್ನು ದಾಟಿ ಸೇತುವೆಯ ಹತ್ತಿರ ಹೋಗಿ ಬದಿಗೆ ಸರಿದು, ಟ್ರ್ಯಾಕ್ಟರಿನವನಿಗೆ ಬಾ ಎಂದು ಕೈಮಾಡಿ ನಿಂತೆ. ಅವನು ಹತ್ತಿ ಹೋಗುವ ತನಕ ಕಿತ್ತಳೆ ಸುಲಿಯುವ ಸದ್ದು ಮಾತ್ರ ಕೇಳುತ್ತಿತ್ತು.

ಗಾಡಿ ಹೊರಟಾಗ ಹಿಂದಿನಿಂದ ಅತ್ತೆಯ ಕೈ ಒಂದು ತೊಳೆ ಹಿಡಿದು ನನ್ನ ಭುಜದ ಪಕ್ಕಕ್ಕೆ ಬಂತು. ನಾನು ಬಾಯಿ ತೆರೆಯುವುದರೊಳಗೆ ಅವ್ವ ಅದನ್ನು ನಡುವೆಯೇ ಇಸಿದುಕೊಂಡು, ಬೀಜ ತೆಗೆದು, ತಾನೇ ನನ್ನ ಬಾಯಿಗೆ ಇಟ್ಟಳು.